ಹಾಲಿನ ಲೋಟದ ಗುಟ್ಟು

ಪ್ರಶ್ನೆ: ಹಿಚ್‌ಕಾಕ್ ಅವರ ನಿರ್ದೇಶನದ ‘ಸಸ್ಪಿಷನ್’ ಚಿತ್ರ ನೋಡಿದೆ. ನಟನೆಗೆ ಮಾರುಹೋದೆ, ಕೊನೆಗೆ ಮಾತ್ರ ಸಿಟ್ಟು ಬಂತು. ತಪ್ಪು ನನ್ನದೇ?
– ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮದಲ್ಲ. ನಾನೂ ಅಂದು ಟೀವಿ ಆರಿಸಿ, ತಣ್ಣಗಾದ ಕಾಫಿಯನ್ನು ಗೊಣಗುತ್ತಲೇ ಕುಡಿದವನು. 1941ರ ಚಿತ್ರ. ಗಂಡ ಕೊಲ್ಲುತ್ತಾನೆಂಬ ಭಯದಲ್ಲಿ ಒಳಗೊಳಗೇ ಒಣಗುವ ಹೆಂಡತಿಯಾಗಿ ಜೋನ್ ಫಾಂಟೇನ್. ಹಿಚ್‌ಕಾಕ್ ಚಿತ್ರದ ನಟನೆಗೆ ಸಿಕ್ಕ ಒಂದೇ ಒಂದು ಆಸ್ಕರ್ ಅವರದು. ಗಂಡನ ಪಾತ್ರದ ಕ್ಯಾರಿ ಗ್ರಾಂಟ್ ಹೆಂಡತಿಗೆಂದು ಹಾಲು ಹಿಡಿದು ಕತ್ತಲ ಮೆಟ್ಟಿಲು ಹತ್ತುತ್ತಾರಲ್ಲ, ನಮ್ಮ ಕಣ್ಣು ಅದರ ಮೇಲೆಯೇ ನೆಡಲೆಂದು ಲೋಟದೊಳಗೆ ಹಿಚ್‌ಕಾಕ್ ಬಲ್ಬ್ ಇಡಿಸಿದ್ದರು! ಇಷ್ಟೆಲ್ಲ ಮಾಡಿ ಕಡೆಗೆ, ‘ಅವನು ನಿರಪರಾಧಿ, ಅನುಮಾನವೆಲ್ಲ ನಿನ್ನದೇ’ ಎಂದರೆ?

ಮೂಲ ಕಾದಂಬರಿಯಲ್ಲಿ ಗಂಡ ಕೊಲೆಗಾರನೇ. ಹಿಚ್‌ಕಾಕ್ ಮುಂದೆ ಫ್ರೆಂಚ್ ನಿರ್ದೇಶಕ ತ್ರೂಫೋಗೆ ಹೇಳಿದ ಪ್ರಕಾರ, ತಾವು ಬಯಸಿದ್ದ ಕೊನೆ ಬೇರೆ: ಗಂಡನ ಕೃತ್ಯವನ್ನು ತಾಯಿಗೆ ಕಾಗದದಲ್ಲಿ ಬರೆದು, ಅದನ್ನು ಅವನ ಕೈಗೇ ಕೊಟ್ಟು, ಆಕೆ ವಿಷದ ಹಾಲು ಕುಡಿಯುತ್ತಾಳೆ. ಅವನು ಸಿಳ್ಳೆ ಹಾಕುತ್ತ ಹೋಗಿ ಕಾಗದವನ್ನು ಅಂಚೆ ಡಬ್ಬಿಗೆ ಹಾಕುತ್ತಾನೆ. ಆಹಾ! ಆದರೆ ಜನಪ್ರಿಯ ನಾಯಕ ಕೊಲೆಗಾರನಾಗುವಂತಿರಲಿಲ್ಲವಂತೆ. (ಈ ರೋಗ ನಮ್ಮಲ್ಲೂ ಇದೆ ಬಿಡಿ.)

ಮತ್ತೆ ನೋಡುವುದಾದರೆ ಮೆಟ್ಟಿಲ ದೃಶ್ಯ ಮುಗಿದೊಡನೆ ನಿಲ್ಲಿಸಿಬಿಡಿ. ನಾನು ಹಾಗೆಯೇ ಮಾಡುತ್ತೇನೆ.