ಮಾತ್ರೆ ಬಿಡಬೇಕು, ಆದರೆ ಸೊಂಟ ನೋವು ಹೋಗಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನಮ್ಮಲ್ಲಿಗೆ ಚಿಕಿತ್ಸೆಗೆ ಬಂದವರೊಬ್ಬರ ಕಥೆ ಇದು. ಮಲೆನಾಡಿನ ಕಡೆಯವರು, ಅಡಿಕೆ ಕೊನೆ ಕೊಯ್ಯುವ ಕೆಲಸ. ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ಮೂಳೆ ಕೂಡಿತು, ನೋವು ಉಳಿಯಿತು. ಡಾಕ್ಟರು ಟ್ರಾಮಡಾಲ್ ಎಂಬ ನೋವಿನ ಮಾತ್ರೆ ಬರೆದಿದ್ದು ಕೆಲವೇ ದಿನಕ್ಕೆ. ಇವರು ಹಳೇ ಚೀಟಿ ತೋರಿಸಿ ನುಂಗುತ್ತಲೇ ಹೋದರು. ಟ್ರಾಮಡಾಲ್ 2018ರಿಂದ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಡಿ ಇದೆ. ಅಂಗಡಿಯವರು ಕೊಡಲು ಹಿಂಜರಿದಾಗ ಟಪೆಂಟಡಾಲ್‌ಗೆ ಹೊರಳಿದರು. ಎರಡೂ ಒಪಿಯಾಯ್ಡ್ ಮಾತ್ರೆಗಳೇ, ಅಫೀಮಿನ ಹಾಗೆ ಚಟ ಹತ್ತಿಸುವಂಥವು.

"ನೋವೆಲ್ಲ ನೆಪ ಮೇಡಂ, ಮಾತ್ರೆ ಬೇಕು ಅಷ್ಟೆ," ಅಂದರು ಹೆಂಡತಿ. ಗಂಡ ತಲೆ ತಗ್ಗಿಸಿ ಕೂತಿದ್ದರು.

ನೆಪ ಅಲ್ಲ ಅಂತ ಅವರಿಬ್ಬರ ಎದುರೇ ಹೇಳಿದೆ. ಚಟವೂ ನಿಜ, ನೋವೂ ನಿಜ. ಮಾತ್ರೆ ತಪ್ಪಿದರೆ ಮೈಕೈ ನೋವು, ಆಕಳಿಕೆ, ಮೂಗು ಸೋರುವುದು, ಭೇದಿ ಶುರುವಾಗುತ್ತದೆ. ಜೊತೆಗೆ, ಬಹಳ ಕಾಲ ಒಪಿಯಾಯ್ಡ್ ತಗೊಂಡರೆ ಕೆಲವರಿಗೆ ನೋವು ಇನ್ನೂ ಜಾಸ್ತಿ ತಟ್ಟುತ್ತದೆ. ಯಾವುದು ಸೊಂಟದ ನೋವು, ಯಾವುದು ಮಾತ್ರೆಯ ನೋವು ಅಂತ ಅವರಿಗೇ ಗೊತ್ತಾಗುತ್ತಿರಲಿಲ್ಲ.

ಮೊದಲ ಸಲಹೆ: ಹಟಕ್ಕೆ ಬಿದ್ದು ಒಂದೇ ದಿನಕ್ಕೆ ನಿಲ್ಲಿಸಬೇಡಿ. ನಮ್ಮ ಮನೋವೈದ್ಯರು ನಾಲಿಗೆ ಕೆಳಗಿಡುವ ಬ್ಯುಪ್ರೆನಾರ್ಫಿನ್–ನಾಲಾಕ್ಸೋನ್ ಮಾತ್ರೆ ಶುರುಮಾಡಿದರು. ಬ್ಯುಪ್ರೆನಾರ್ಫಿನ್ ಕೂಡ ಒಪಿಯಾಯ್ಡೇ. ಅದು ಚಡಪಡಿಕೆ ತಗ್ಗಿಸುತ್ತದೆ, ನೋವಿಗೂ ಸ್ವಲ್ಪ ಆಸರೆ. "ಒಂದು ಚಟ ಬಿಟ್ಟು ಇನ್ನೊಂದಾ?" ಅಂತ ಹೆಂಡತಿ ಕೇಳಿದರು. ಡಾಕ್ಟರ ಕಣ್ಗಾವಲಿನಲ್ಲಿ, ಅಳೆದು ಕೊಡುವ ಚಿಕಿತ್ಸೆ ಇದು. ಬೇಗ ಮುಗಿಸಲು ಒತ್ತಾಯ ಮಾಡಬೇಡಿ ಅಂದೆ.

ಇನ್ನು ಮೈ ಆಡಿಸುವ ವಿಚಾರ. ಕುರ್ಚಿಯಲ್ಲಿ ಕೂರುವಾಗ ಅವರು ಎರಡೂ ಕೈ ಊರಿ, ಹಲ್ಲು ಕಚ್ಚಿ, ಪೂರ್ತಿ ಕೂರುವ ತನಕ ಉಸಿರು ಹಿಡಿಯುತ್ತಿದ್ದರು. "ಬಗ್ಗಿದರೆ ಮತ್ತೆ ಮುರಿಯುತ್ತೆ ಅಲ್ವಾ?" ಎಂಬ ಹೆದರಿಕೆ. ಫಿಸಿಯೋಥೆರಪಿಸ್ಟ್ ಪರೀಕ್ಷಿಸಿ, ಕೂಡಿದ ಮೂಳೆ ಬಗ್ಗಿದ ಮಾತ್ರಕ್ಕೆ ಮುರಿಯಲ್ಲ ಎಂದು ಎಕ್ಸ್‌ರೇ ಇಟ್ಟು ವಿವರಿಸಿದ ಮೇಲೆ ಅರ್ಧ ಭಯ ಇಳಿಯಿತು.

ಉಳಿದ ತೊಂದರೆ ಅವರ ದಿನಚರಿಯಲ್ಲಿತ್ತು. ನೋವು ಕಡಿಮೆ ಇದ್ದ ದಿನ ತೋಟದಲ್ಲಿ ಮೈಮುರಿದು ದುಡಿಯುವುದು, ಮರುದಿನ ಹಾಸಿಗೆ ಹಿಡಿಯುವುದು. ಮಾತ್ರೆಗೆ ಕೈ ಹೋಗುತ್ತಿದ್ದದ್ದು ಆಗಲೇ. ಅದಕ್ಕೆ ನಡಿಗೆಯನ್ನು ಗಡಿಯಾರಕ್ಕೆ ಕಟ್ಟಿದೆವು. ಕಷ್ಟದ ದಿನವೂ 10 ನಿಮಿಷ ನಡೆಯಬಲ್ಲರು, ಹಾಗಾಗಿ ಶುರು 8 ನಿಮಿಷ. ಚೆನ್ನಾಗಿದ್ದ ದಿನವೂ ಅಷ್ಟೇ, ಒಂದು ಹೆಜ್ಜೆ ಜಾಸ್ತಿ ಇಲ್ಲ. ವಾರಕ್ಕೊಂದು ನಿಮಿಷ ಏರಿಕೆ. ದುಡಿದು ಬೆಳೆದವರಿಗೆ ನಿಲ್ಲಿಸುವುದೇ ಕಷ್ಟ. ಮೊದಮೊದಲು ಜಗಳವೇ ಆಡಿದರು.

ಆಮೇಲೆ ಮಾರ್ಜಾಲಾಸನ, ಸೇತುಬಂಧಾಸನ ಸೇರಿಸಿದೆವು, ಉಸಿರು ನಿಧಾನಕ್ಕೆ ಬಿಡುತ್ತಾ. ಹಳೇ ಸೊಂಟನೋವಿಗೆ ವ್ಯಾಯಾಮ, ಯೋಗ, ತಾಯ್ ಚಿ (ಚೀನಾದ ನಿಧಾನ ಚಲನೆಯ ವ್ಯಾಯಾಮ) ಮೊದಲು, ಮಾತ್ರೆ ಆಮೇಲೆ ಎಂದು ಅಮೆರಿಕದ ವೈದ್ಯರ ಸಂಸ್ಥೆ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲೇ ಹೇಳಿದೆ. ಆದರೆ ಚಟ ಇದ್ದಾಗ ಯೋಗ ಒಂದೇ ಸಾಲದು. ಔಷಧಿ ಬಿಡಿಸಿ ಸುಮ್ನೆ ಯೋಗ ಮಾಡಿಸುವ ಕೇಂದ್ರಗಳನ್ನು ನಾನು ಒಪ್ಪಲ್ಲ.

ಮನೆಯವರಿಗೆ ಹೇಳಿದ್ದು: "ನೋವು ಎಷ್ಟಿದೆ?" ಅಂತ ದಿನವಿಡೀ ಕೇಳಬೇಡಿ, "ಇವತ್ತು ನಡೆದಿರಾ?" ಅಂತ ಕೇಳಿ. ಕಾಲಿನ ಶಕ್ತಿ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ವ್ಯಾಯಾಮ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಬನ್ನಿ.

ನೋವು ಈಗಲೂ ಇದೆ, ಮೊದಲಿನಷ್ಟಿಲ್ಲ. ಒಮ್ಮೆ ಮಾತ್ರೆಗೆ ಮರಳಿದ್ದರು, ಮರೆಮಾಚದೆ ಬಂದು ಹೇಳಿದರು. ಮರ ಹತ್ತುವ ಮಾತು ಸದ್ಯಕ್ಕಿಲ್ಲ. ನೆಲದ ಮೇಲೆ ನಿಂತೇ ದೋಟಿಯಲ್ಲಿ ಕೊಯ್ಯುವುದನ್ನು ಕಲಿಯುತ್ತಿದ್ದಾರೆ, ಅದಕ್ಕೂ ಗಡಿಯಾರ ಇಟ್ಟುಕೊಂಡೇ. ಇಂಥದೇ ತೊಂದರೆ ಇದ್ದವರು ವ್ಯಸನಮುಕ್ತಿಯ ಉಚಿತ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು.