62 ಹೆಸರು ಬೇಡ, ನಾಲ್ಕೈದು ಸಾಕು

ನಮಸ್ಕಾರ ಮೇಡಂ,

ಬೈಬಲ್‌ನ ಹೀಬ್ರೂ ಹೆಸರುಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗುವುದಿಲ್ಲ. 62 ಹೆಸರು, ಎದುರಿಗೆ 62 ಅರ್ಥ. ಮಗುವಿಗೆ ಹೆಸರು ಹುಡುಕುವವರಿಗೆ ಇದು ಉಪಯೋಗವಾದೀತು. ಓದುಗರಿಗೆ ಇಪ್ಪತ್ತನೇ ಹೆಸರಿಗೇ ಆಕಳಿಕೆ ಬರುತ್ತದೆ. ನನಗೆ ಬಂತು.

'ಇಸಾಕ: ನಗುತ್ತಾನೆ' ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು ಅಲ್ವಾ? ಅವನ ಅಪ್ಪ ಅಬ್ರಹಾಮನಿಗೆ 100 ವರ್ಷ, ಅಮ್ಮ ಸಾರಳಿಗೆ 90. ನಿಮಗೆ ಮಗು ಹುಟ್ಟುತ್ತದೆ ಅಂತ ದೇವರು ಹೇಳಿದರೆ ಮೊದಲು ನಗುವವನು ಅಬ್ರಹಾಮನೇ, ಅದೂ ಅಡ್ಡಬಿದ್ದುಕೊಂಡು. ಆಮೇಲೆ ಗುಡಾರದ ಬಾಗಿಲಲ್ಲಿ ಕದ್ದು ಕೇಳುತ್ತಿದ್ದ ಸಾರ ಒಳಗೊಳಗೇ ನಗುತ್ತಾಳೆ. ಸಿಕ್ಕಿಬಿದ್ದಾಗ ಭಯದಲ್ಲಿ 'ನಾನು ನಗಲಿಲ್ಲ' ಅನ್ನುತ್ತಾಳೆ. 'ಇಲ್ಲ, ನೀನು ನಕ್ಕೆ' ಅಂತ ಉತ್ತರ ಬರುತ್ತದೆ. ಹೀಬ್ರೂವಿನಲ್ಲಿ ಈ ನಗುವೂ ಯಿಟ್ಸ್‌ಹಾಕ್ (ನಮ್ಮ ಇಸಾಕ) ಅನ್ನುವ ಹೆಸರೂ ಒಂದೇ ಬೇರಿನವು. ಮಗು ಹುಟ್ಟುವ ಮೊದಲೇ ಅದರ ಹೆಸರು ಕೇಳುವವರ ಕಿವಿಗೆ ಬೀಳುತ್ತಿರುತ್ತದೆ. ನಿಮ್ಮ ಲೇಖನ ಶುರುವಾಗಬೇಕಾದ್ದು ಈ ಬಾಗಿಲಲ್ಲಿ.

ಯಾಕೋಬನೂ ಹಾಗೇ. ಅಣ್ಣನ ಹಿಮ್ಮಡಿ ಹಿಡಿದುಕೊಂಡೇ ಹುಟ್ಟಿದವನು. ಹಿಮ್ಮಡಿಗೆ ಹೀಬ್ರೂವಿನಲ್ಲಿ 'ಆಕೇವ್', ಯಾಕೋಬ ಅನ್ನುವ ಹೆಸರಿನಲ್ಲಿ ಕೇಳಿಸುವುದು ಅದೇ. ಮುಂದೆ ಇವನಿಂದ ಮೋಸ ಹೋದ ಆ ಅಣ್ಣ ಏಸಾವ, ಇವನಿಗೆ ಸರಿಯಾದ ಹೆಸರೇ ಇಟ್ಟಿದ್ದಾರೆ ಅಂತ ಕುದಿಯುತ್ತಾನೆ. ಕಾಲೆಳೆಯುವುದು ಅಂದರೆ ನಮ್ಮವರಿಗೆ ಬೇರೆ ವಿವರಣೆ ಬೇಕಾಗಿಲ್ಲ.

ಈಗ ಒಂದು ತಕರಾರು. 'ಮೋಶೆ ಅಂದರೆ ನೀರಿನಿಂದ ಎತ್ತಲ್ಪಟ್ಟವನು' ಅಂತ ಖಡಾಖಂಡಿತವಾಗಿ ಬರೆದಿದ್ದೀರಿ. ಅದು ಕಥೆ ಕೊಡುವ ಅರ್ಥ. ನದಿಯಲ್ಲಿ ಸಿಕ್ಕ ಮಗುವಿಗೆ ಹೆಸರಿಟ್ಟವಳು ಫರೋಹನ ಮಗಳು. ಈಜಿಪ್ಟಿನ ಅರಮನೆಯವಳು ಹೀಬ್ರೂವಿನಲ್ಲಿ ಯಾಕೆ ಹೆಸರಿಡುತ್ತಾಳೆ? ಥುಟ್‌ಮೋಸ್, ರಾಮ್ಸೆಸ್ ಅನ್ನುವ ಅಲ್ಲಿನ ರಾಜರ ಹೆಸರುಗಳಲ್ಲಿ ಬರುವ, 'ಹುಟ್ಟಿದ' ಅನ್ನುವ ಅರ್ಥದ ಈಜಿಪ್ಟಿನ ಪದವೇ ಇದರ ಮೂಲ ಅಂತ ಅನೇಕ ವಿದ್ವಾಂಸರು ಹೇಳುತ್ತಾರೆ. ಹೀಬ್ರೂ ವ್ಯಾಕರಣ ಹಿಡಿದು ನೋಡಿದರೂ ಮೋಶೆ ಅಂದರೆ 'ಎತ್ತುವವನು', ಎತ್ತಲ್ಪಟ್ಟವನಲ್ಲ. ಮುಂದೆ ಜನರನ್ನೇ ಸಮುದ್ರ ದಾಟಿಸಿದವನಿಗೆ ಇದು ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಬೆಂದಕಾಳೂರಿನ ಕಥೆ ಗೊತ್ತಲ್ಲ, ಇದೂ ಅಂಥದ್ದೇ. ಬಲ್ಲಾಳನಿಗಿಂತ ಸುಮಾರು 300 ವರ್ಷ ಹಿಂದಿನ ಬೇಗೂರಿನ ವೀರಗಲ್ಲಿನಲ್ಲೇ ಬೆಂಗಳೂರು ಅನ್ನುವ ಹೆಸರಿದೆ. ಹಾಗಂತ ಅಜ್ಜಿಯ ಕಥೆಯನ್ನು ಯಾರೂ ಬಿಸಾಕಿಲ್ಲ. ಕಥೆ ಏನು ಹೇಳುತ್ತದೆ, ಭಾಷೆ ಏನು ಹೇಳುತ್ತದೆ, ಎರಡನ್ನೂ ಬಿಡಿಸಿ ಬರೆಯಿರಿ, ಅಷ್ಟೇ.

ಸಮುವೇಲನನ್ನು ಖಂಡಿತ ಉಳಿಸಿಕೊಳ್ಳಿ. 'ದೇವರಲ್ಲಿ ಕೇಳಿ ಪಡೆದೆ' ಅಂತ ಅವನ ತಾಯಿ ಹನ್ನ ಆ ಹೆಸರಿಡುತ್ತಾಳೆ. ಆದರೆ 'ಕೇಳಿ ಪಡೆದವನು' ಅನ್ನುವ ಅರ್ಥ ನೇರವಾಗಿ ಹೊಂದುವುದು ಶಾಊಲ್‌ಗೆ, ಅಂದರೆ ಮುಂದೆ ಇದೇ ಸಮುವೇಲ ಅಭಿಷೇಕ ಮಾಡುವ ರಾಜ ಸೌಲನಿಗೆ! ಇದು ಯಾಕೆ ಹೀಗಾಯಿತು ಅಂತ ಒಂದು ಪುಟ ಬರೆದರೂ ಓದಿಸಿಕೊಳ್ಳುತ್ತದೆ.

'ಏಲ್' ಅಂದರೆ ದೇವರು ಅನ್ನೋದಕ್ಕೆ ಎರಡು ಪುಟ ಜಾಸ್ತಿ. ದಾನಿಯೇಲನ ಉದಾಹರಣೆ ಕೊಟ್ಟು ಎರಡು ಸಾಲಲ್ಲಿ ಮುಗಿಸಿ.

ನಿಮ್ಮ ಒಳ್ಳೇ ಸಾಲು ಏಳನೇ ಪುಟದಲ್ಲಿ ಸುಮ್ನೆ ಅಡಗಿ ಕೂತಿದೆ. ರಾಹೇಲ ಅಂದರೆ ಹೆಣ್ಣು ಕುರಿ ಅಂತ ಗೊತ್ತಾಗಿ, ಅದೇ ಹೆಸರಿನ ನಿಮ್ಮ ಚಿಕ್ಕಮ್ಮ ಸಿಟ್ಟಾದರು ಅಂದಿದ್ದೀರಿ. ಬೈಬಲ್‌ನ ರಾಹೇಲ ಬಾವಿಯ ಹತ್ತಿರ ಮೊದಲು ಕಾಣಿಸಿಕೊಳ್ಳುವುದೇ ಅಪ್ಪನ ಕುರಿ ಹೊಡೆದುಕೊಂಡು ಬರುವಾಗ. ಇದನ್ನು ಅವರಿಗೆ ಹೇಳಿ ನೋಡಿ. ಏನಂದರು ಅನ್ನೋದನ್ನೂ ಸೇರಿಸಿ ಕಳಿಸಿ.