ಪ್ರತಿ: ಅಪ್ಪನ ಸೆಲ್ಫಿಯಲ್ಲಿ ಮೂಗೇ ಕಾಣುತ್ತದೆ, ಫೋನ್ ಹಾಳಾಗಿದೆಯಾ?

ಅಪ್ಪನಿಗೆ 70 ವರ್ಷ, ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ ಬರುತ್ತದೆ, ಒತ್ತುವಾಗ ಕೈ ಅಲುಗುತ್ತದೆ ಅಂತ ಬರೆದಿದ್ದೀರಿ. ಫೋನ್ ಸರಿಯೇ ಇದೆ ಮಾರಾಯ್ರೆ. ನನಗೂ 68. ಕುಂಬಳೆ ಹತ್ತಿರದ ಅಡಿಕೆ ತೋಟದವನು. ಮರ ಹತ್ತಲು ಕಲಿತದ್ದಕ್ಕಿಂತ ಜಾಸ್ತಿ ದಿನ ಇದಕ್ಕೆ ಬೇಕಾಯಿತು.

ಮೂಗಿನ ಗುಟ್ಟು ಇಷ್ಟೆ. ಫೋನ್ ಮುಖಕ್ಕೆ ಒಂದು ಗೇಣು ದೂರದಲ್ಲಿದ್ದರೆ ಹತ್ತಿರವಿರುವ ಮೂಗು ಹಿಗ್ಗುತ್ತದೆ, ಕಿವಿಗಳು ಹಿಂದೆ ಅಡಗುತ್ತವೆ. ಕೈ ಪೂರ್ತಿ ಚಾಚಲಿ, ಫೋನ್ ಕಣ್ಣಿಗಿಂತ ಸ್ವಲ್ಪ ಮೇಲಿರಲಿ. ಹೆಬ್ಬೆರಳಿನಿಂದ ಪರದೆಯ ಬಿಳಿ ಗುಂಡಿ ಹುಡುಕುತ್ತಾ ಒದ್ದಾಡುವುದು ಬೇಡ. ಹೆಚ್ಚಿನ ಫೋನ್‌ಗಳಲ್ಲಿ ಪಕ್ಕದ ವಾಲ್ಯೂಮ್ ಬಟನ್ ಒತ್ತಿದರೂ ಫೋಟೊ ಬೀಳುತ್ತದೆ. ಕೈ ನಡುಗುವವರಿಗೆ 3 ಸೆಕೆಂಡಿನ ಟೈಮರ್ ಇನ್ನೂ ಒಳ್ಳೆಯದು.

10 ಸೆಕೆಂಡ್ ಮಾತ್ರ ಬೇಡ! ಬೇಕಲ ಕೋಟೆಯಲ್ಲಿ ನಾನು ಅದನ್ನೇ ಇಟ್ಟು, ಹಲ್ಲು ಕಿರಿದು ಕಿರಿದು ದವಡೆ ನೋವಾಗಿ, ಏನೂ ಆಗಲಿಲ್ಲ ಅಂತ ಫೋನ್ ಇಳಿಸಿ ಇಣುಕಿದೆ. ಆಗಲೇ ಕ್ಲಿಕ್. ಕೋಟೆಯೂ ಇಲ್ಲ, ಸಮುದ್ರವೂ ಇಲ್ಲ. ಎರಡು ಮೂಗಿನ ಹೊಳ್ಳೆ, ಮೇಲೆ ಒಂದು ತುಂಡು ಆಕಾಶ. ಮನೆಯವಳು ಅದನ್ನೇ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಮೊಮ್ಮಗಳು ಇವತ್ತಿಗೂ, 'ಅಜ್ಜ, ಆ ಗುಹೆ ಎಲ್ಲಿಯದು?' ಅಂತ ಕೇಳುತ್ತಾಳೆ.

ಫೋಟೊ ಮಂಜು ಮಂಜಾಗಿದ್ದರೆ ಅದು ಬೆರಳಿನ ತೆಂಗಿನೆಣ್ಣೆ. ಬೈರಾಸಿನ ಒಣ ತುದಿಯಿಂದ ಲೆನ್ಸ್ ಒರೆಸಲು ಹೇಳಿ. ಅಂಗಿಯ ಮೇಲಿನ ಅಕ್ಷರ ಉಲ್ಟಾ ಬಂದರೆ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಮಿರರ್ ಅಂತ ಇರುವುದನ್ನು ಆಫ್ ಮಾಡಿಕೊಡಿ.